ಗಂಗಾಧರಯ್ಯನ ಕೆಮ್ಮು

ಗಂಗಾಧರಯ್ಯನನ್ನು ಮಣ್ಣಿಗಿಡುವ ಹೊತ್ತಿನಲ್ಲಿ ಜಗಳ ಎದ್ದದ್ದು ಎರಡು ಕೋಲುಗಳ ವಿಷಯಕ್ಕೆ.

ಅವರ ಜನದಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಮೈತುಂಬ ವಿಭೂತಿ, ಗುಂಡಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಚಕ್ಕಳಮಕ್ಕಳ. ರಾಮನಾಥಪುರದ ಹೊಲದಂಚಿನಲ್ಲಿ ಎಲ್ಲವೂ ಕ್ರಮವಾಗಿ ಸಾಗುತ್ತಿದ್ದಾಗ, ಗುಂಡಿಯ ದಂಡೆಯ ಮೇಲೆ ನಿಂತಿದ್ದ ಮೂವರು ಗೆಳೆಯರಲ್ಲಿ ಒಬ್ಬ ಜುಬ್ಬದೊಳಗಿಂದ ಡ್ರಮ್ಮಿನ ಎರಡು ಕೋಲು ತೆಗೆದು, ಇವನ್ನೂ ಒಳಗಿಡಿ ಅಂದ. ಐನೋರು ಸುತರಾಂ ಒಪ್ಪಲಿಲ್ಲ. ಶಿವನ ಪಾದ ಸೇರುವವನಿಗೆ ಸಾಮಾನು ಸರಂಜಾಮು ಯಾಕೆ ಅಂದರು. ಶಿವನೇ ಡಮರು ಹಿಡಿದುಕೊಂಡು ಓಡಾಡುವಾಗ ಇವನ ಕೋಲು ಅವನಿಗೇನು ಭಾರವೇ ಅಂತ ಗೆಳೆಯರು ವಾದಕ್ಕೆ ಬಿದ್ದರು. ಮೋಡ ಕವಿಯುತ್ತಿತ್ತು. ಮಣ್ಣೆಳೆಯಲು ನಿಂತವರಿಗೆ ಹೊಟ್ಟೆ ಹಸಿದಿತ್ತು. ಕೊನೆಗೆ, ಎಡಗೈ ಲಿಂಗಕ್ಕಾಯಿತು, ಬಲಗೈ ಸುಮ್ಮನೇ ಇದೆಯಲ್ಲ ಎಂದು ರಾಜಿಯಾಗಿ ಒಂದು ಕೋಲು ಗುಂಡಿಗಿಳಿಯಿತು. ಉಳಿದ ಒಂದನ್ನು ಏನು ಮಾಡಬೇಕೆಂದು ತೋಚದೆ ಸತ್ತವನ ಹೆಂಡತಿ ಗಂಗಾಂಬಿಕೆಯ ಕೈಗೆ ಕೊಟ್ಟರು.

ಗಂಗಾಂಬಿಕೆ ಆ ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ, ನೆಂಟರಿಷ್ಟರೆಲ್ಲ ಕೇಳುವ ಹಾಗೆ, "ಇನ್ ಮ್ಯಾಲಾದ್ರೂ ಮನೆ ತಣ್ಗಿರ್ತದೆ ಬುಡಿ" ಅಂದಳು.

ಅಂದದ್ದು ಅಂದಾಯಿತು. ಆ ಮಾತೇ ಮುಂದೆ ಅವಳ ಕೊರಳಿಗೆ ಸುತ್ತಿಕೊಂಡಿತು.

ಗಂಗಾಧರಯ್ಯ ಹೊಗೆಸೊಪ್ಪು ಬೆಳೆಯುತ್ತಿದ್ದ. ಅದು ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು. ಹಾಸನದ ಕಾಲೇಜಿನಲ್ಲಿದ್ದಾಗ ನಾಲ್ವರು ಹುಡುಗರು ಭುಜಕ್ಕೆ ತಾಗುವ ಹಾಗೆ ಕೂದಲು ಬಿಟ್ಟು 'ಥಂಡರ್ ಬಾಯ್ಸ್' ಅಂತ ಒಂದು ರಾಕ್ ಬ್ಯಾಂಡ್ ಕಟ್ಟಿದ್ದರು. ಆ ವರ್ಷ ಮೂವರು ಫೇಲಾದರು. ಪಟ್ಟಾಭಿರಾಮ ಒಬ್ಬ ಪಾಸಾಗಿ, ಮುಂದೆ ಓದಿ, ಹೊಳೆನರಸೀಪುರದಲ್ಲಿ ಸಂಸ್ಕೃತದ ಮೇಷ್ಟ್ರಾದ. ಆ ದ್ರೋಹವನ್ನು ಉಳಿದವರು ಇವತ್ತಿಗೂ ಮರೆತಿಲ್ಲ. ಅವನೇ ಹಾಡುಗಾರ, ಅವನೇ ಗಿಟಾರು. ಬೆಳಿಗ್ಗೆ ಹಣೆಗೆ ನಾಮವಿಟ್ಟು ಮಕ್ಕಳಿಗೆ ವಿಭಕ್ತಿ ಉರು ಹೊಡೆಸಿ, ಸಂಜೆ ಅದೇ ನಾಮದ ಮೇಲೆ ಕರಿ ಬಟ್ಟೆ ಬಿಗಿದುಕೊಂಡು ಕಿರುಚುತ್ತಿದ್ದ. ಅರಕಲಗೂಡಿನಲ್ಲಿ ಸಿಮೆಂಟಿನ ಅಂಗಡಿ ಇಟ್ಟ ಶಿವಕುಮಾರ ಬೇಸ್ ಗಿಟಾರು. ಮಲ್ಲಿಪಟ್ಟಣದ ದನದ ಆಸ್ಪತ್ರೆಯ ಕಾಂಪೌಂಡರು ಪಂಚಾಕ್ಷರಯ್ಯ ಕೀಬೋರ್ಡು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಒಬ್ಬನಿಗೆ ಕೂದಲು ಹೋಗಿತ್ತು, ಒಬ್ಬನಿಗೆ ಸಕ್ಕರೆ ಬಂದಿತ್ತು, ಒಬ್ಬನಿಗೆ ಎರಡೂ ಆಗಿತ್ತು. ಬ್ಯಾನರಿನಲ್ಲಿ ಮಾತ್ರ ಬಾಯ್ಸ್ ಎಂದೇ ಇತ್ತು. ಬ್ಯಾನರು ಗಟ್ಟಿಮುಟ್ಟಾಗಿತ್ತು, ಬದಲಾಯಿಸಲು ಕಾರಣವಿರಲಿಲ್ಲ.

ಸಿನಿಮಾ ಹಾಡು ನುಡಿಸುವುದಿಲ್ಲ ಎಂದು ಹುಡುಗರಾಗಿದ್ದಾಗಲೇ ಆಣೆ ಮಾಡಿಕೊಂಡಿದ್ದರು. ಹಾಡುಗಳೆಲ್ಲ ಸ್ವಂತದ್ದು. ಒಂದು 'ಕರೆಂಟು ಹೋಯ್ತು', ಇನ್ನೊಂದು 'ಕೆಂಪು ಬಸ್ಸಿನ ಟಾಪು', ಮತ್ತೊಂದು ದವಡೆ ಹಲ್ಲಿನ ನೋವನ್ನು ಕುರಿತದ್ದು. ಗಣಪತಿ ಪೆಂಡಾಲುಗಳಲ್ಲಿ ಜನ ಮೊದಮೊದಲು ನಗಲು ಬಂದರು, ಆಮೇಲೆ ರೂಢಿಯಾಗಿ ಬಂದರು. ಚನ್ನರಾಯಪಟ್ಟಣದ ಒಂದು ಬೀದಿಯವರಂತೂ ಗಣಪತಿ ಇಲ್ಲದಿದ್ದರೂ ನಡೆದೀತು, ಥಂಡರ್ ಬಾಯ್ಸ್ ಇಲ್ಲದಿದ್ದರೆ ಆಗದು ಅನ್ನುವ ಮಟ್ಟಕ್ಕೆ ಬಂದಿದ್ದರು.

ಪ್ರಾಕ್ಟೀಸು ನಡೆಯುತ್ತಿದ್ದದ್ದು ಗಂಗಾಧರಯ್ಯನ ಬ್ಯಾರನ್ನಿನಲ್ಲಿ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಕೋಣೆ. ಸೊಪ್ಪಿನ ಕಾಲ ಮುಗಿದರೆ ಅದು ಖಾಲಿ. ಒಳಗೆ ಒಂದು ಪೆಟ್ಟು ಹಾಕಿದರೆ ಹತ್ತು ಪೆಟ್ಟು ಕೇಳುತ್ತಿತ್ತು. ಗೋಡೆಗೆ ಕೂತ ಸೊಪ್ಪಿನ ಧೂಳು ಪ್ರತಿ ಪೆಟ್ಟಿಗೂ ಎದ್ದು ಮತ್ತೆ ಕೂರುತ್ತಿತ್ತು. ಆ ಧೂಳಿಗೇ ಗಂಗಾಧರಯ್ಯನಿಗೆ ಕೆಮ್ಮು ಹತ್ತಿದ್ದು. ಬ್ಯಾರನ್ನಿಗೆ ಗೋಡೆ ಹಚ್ಚಿಕೊಂಡ ಹಾಗೆ ಗಂಗಾಂಬಿಕೆಯ ಅಡುಗೆಮನೆ. ಮದುವೆಯಾಗಿ ಬಂದ ವಾರಕ್ಕೇ ಅವಳು ಈ ಗದ್ದಲದ ಮೇಲೆ ಯುದ್ಧ ಸಾರಿದಳು. ಸಹನೆ ಮೀರಿದಾಗ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡುಬಿಡುತ್ತಿದ್ದಳು. ಗಿಟಾರು, ಕೀಬೋರ್ಡು ನಿಂತಲ್ಲೇ ಸಾಯುತ್ತಿದ್ದವು. ಡ್ರಮ್ಮಿಗೆ ಕರೆಂಟು ಬೇಕಿರಲಿಲ್ಲ. ಅವಳು ಸೋತು ಫ್ಯೂಸ್ ಸಿಕ್ಕಿಸುವ ತನಕ ಗಂಗಾಧರಯ್ಯ ಕತ್ತಲಲ್ಲಿ ಒಬ್ಬನೇ ಬಾರಿಸುತ್ತ ಕೂರುತ್ತಿದ್ದ. ಆ ಗಂಡಹೆಂಡಿರ ಮಾತುಕತೆ ಬಹುಪಾಲು ನಡೆದದ್ದು ಹೀಗೇ.

ಆಷಾಢದಲ್ಲಿ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ಕುಸಿದ. ಶ್ರಾವಣದಲ್ಲಿ ಮೂವರೂ ಶಿವಕುಮಾರನ ಸಿಮೆಂಟಿನ ವ್ಯಾನಿನಲ್ಲಿ ಬಂದು ಜಗಲಿಯ ಮೇಲೆ ಕೂತರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಯಾರು ಮಾತೆತ್ತಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು. ಮೇಷ್ಟ್ರಾದ ತಪ್ಪಿಗೆ ಪಟ್ಟಾಭಿಯೇ ಎತ್ತಬೇಕಾಯಿತು.

"ಅತ್ತಿಗೆ, ಚನ್ನರಾಯಪಟ್ಟಣದ ಗಣಪತಿಗೆ ಒಪ್ಕೊಂಡ್ಬಿಟ್ಟಿದೀವಿ. ಡ್ರಮ್ ಸೆಟ್ಟು ಬ್ಯಾರನ್ನಲ್ಲೇ ಇರಲಿ. ಅದೊಂದು ಪ್ರೋಗ್ರಾಮು ನೋಡೋದು. ಸರಿಹೋಗ್ಲಿಲ್ಲ ಅಂದ್ರೆ ನಾನು ಗಿಟಾರ್ ಅಟ್ಟಕ್ಕೆ ಹಾಕ್ತೀನಿ, ನೀವು ಡ್ರಮ್ಮಲ್ಲಿ ರಾಗಿ ತುಂಬ್ಕೊಳಿ."

"ಸೊಪ್ಪು ಮುರಿಯೋಗಂಟ ಅಷ್ಟೆ. ಆಮ್ಯಾಕೆ ಬ್ಯಾರನ್ ಬೇಕು ನಂಗೆ" ಅಂದಳು ಗಂಗಾಂಬಿಕೆ, ಮುಖ ಬಿಗಿದುಕೊಂಡು.

ಮುಖ ಬಿಗಿದದ್ದು ಒಳಗಿನದು ಹೊರಗೆ ಕಾಣಬಾರದೆಂದು. ಅವನು ಹೋದ ಮೇಲೆ ಮನೆ ನಿಜವಾಗಿಯೂ ತಣ್ಣಗಾಗಿತ್ತು. ಕೇಳಿಕೊಂಡದ್ದು ಸಿಕ್ಕಿತ್ತು. ಪಕ್ಕದ ಮನೆಯ ರೇಡಿಯೋ ಕೇಳುತ್ತಿತ್ತು, ಹಲ್ಲಿ ಲೊಚಗುಟ್ಟುವುದು ಕೇಳುತ್ತಿತ್ತು, ಬೇಳೆ ಬೇಯುವುದೂ ಕೇಳುತ್ತಿತ್ತು. ಉಪ್ಪಿಲ್ಲದ ಸಾರಿನಂಥ ಆ ಸದ್ದಿಲ್ಲದ ಮನೆ ಅವಳಿಗೆ ಒಗ್ಗಲಿಲ್ಲ. ಮೀಟರ್ ಬೋರ್ಡಿನ ಮುಂದೆ ಹಾದುಹೋಗುವಾಗ ಕೈ ತಾನಾಗಿ ಮೇಲೇಳುತ್ತಿತ್ತು. ಕೀಳಲು ಫ್ಯೂಸ್ ಇತ್ತು, ಕಿತ್ತರೆ ಕತ್ತಲಲ್ಲಿ ಉತ್ತರ ಕೊಡುವವನಿರಲಿಲ್ಲ. ಬ್ಯಾಂಡು ನಿಲ್ಲಬಾರದು ಎಂದು ಅವಳ ಮನಸ್ಸು ಹಟ ಹಿಡಿಯಿತು. ಈ ಹಾಳು ಗದ್ದಲ ಇರುವ ತನಕ ತನಗೆ ಬೈಯಲು ಒಬ್ಬ ಗಂಡ ಇರುತ್ತಾನೆ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಗುಂಡಿಯ ಮುಂದೆ ಅಂದ ಮಾತನ್ನು ಅವಳ ಚಿಕ್ಕಮ್ಮನ ಮಗಳು ಪ್ರೇಮಕುಮಾರಿ ಆಗಲೇ ಮೂರು ತಾಲ್ಲೂಕಿಗೆ ಹಂಚಿ ಮುಗಿಸಿದ್ದಳು.

ಹೊಸ ಡ್ರಮ್ಮರು ಯಶಸ್ ಹಾಸನದವನು. ಮದುವೆ ಆರ್ಕೆಸ್ಟ್ರಾಗಳಲ್ಲಿ ಪಳಗಿದ ಕೈ. ಎಲ್ಲರನ್ನೂ ಅಂಕಲ್ ಅನ್ನುತ್ತಿದ್ದ, ಅದೊಂದು ಬಿಟ್ಟರೆ ಒಳ್ಳೆಯ ಹುಡುಗ. ಗಂಗಾಧರಯ್ಯನಿಗಿಂತ ಚೆನ್ನಾಗಿಯೇ ಬಾರಿಸುತ್ತಿದ್ದ. ಅದನ್ನು ಎಲ್ಲರೂ ಗಮನಿಸಿದರು, ಯಾರೂ ಆಡಲಿಲ್ಲ. ತೊಡಕು ಬಂದದ್ದು ಇನ್ನೊಂದು ಕಡೆ. ಹಾಡು ಒಮ್ಮೆ ಹೊರಟಿತೆಂದರೆ ಹಳೇ ಬಸ್ಸು ಇಳಿಜಾರಿನಲ್ಲಿ ಇಳಿದ ಹಾಗೆ ತಾನಾಗಿ ಹೋಗುತ್ತಿತ್ತು. ಆದರೆ ಹೊರಡುತ್ತಲೇ ಇರಲಿಲ್ಲ.

ಯಶಸ್ ಕೋಲಿಗೆ ಕೋಲು ತಾಗಿಸಿ ಎಣಿಸುತ್ತಿದ್ದ. ಎಲ್ಲ ಕಡೆಯೂ ಹಾಗೇ ಮಾಡುವುದು. ಅವನು ಒಂದು ಅನ್ನುವಾಗಲೇ ಪಂಚಾಕ್ಷರಯ್ಯ ಹೊರಟುಬಿಡುತ್ತಿದ್ದ. ಮೂರಕ್ಕೆ ಶಿವಕುಮಾರ. ನಾಲ್ಕೂ ಆಗಿ ಯಶಸ್ ಬಡಿಯಲು ಶುರುಮಾಡಿದ ಮೇಲೆ, ಯಾರೋ ಕರೆದರೇನೋ ಎಂಬಂತೆ ಪಟ್ಟಾಭಿ ಬಾಯಿ ತೆರೆಯುತ್ತಿದ್ದ. ನಿಲ್ಲಿಸಿ ಮತ್ತೆ ಶುರು, ಮತ್ತೆ ಅದೇ ಪಾಡು.

"ಮುಂಚೆ ಹೆಂಗೆ ಶುರು ಮಾಡ್ತಿದ್ರಿ ಅಂಕಲ್?" ಅಂತ ಹುಡುಗ ಕೇಳಿದ.

ಆಗ ತಿಳಿಯಿತು, ಅದು ಯಾರಿಗೂ ಗೊತ್ತಿಲ್ಲವೆಂದು. ತಾನು ಕತ್ತು ಕುಣಿಸಿದಾಗ ಎಲ್ಲರೂ ಹೊರಡುತ್ತಿದ್ದರು ಅಂತ ಪಟ್ಟಾಭಿ ಇಷ್ಟು ಕಾಲ ನಂಬಿದ್ದ. ತಾನು ಹೆಬ್ಬೆರಳು ಊರಿದಾಗ ಅಂತ ಶಿವಕುಮಾರ. ಪಂಚಾಕ್ಷರಯ್ಯನ ಪ್ರಕಾರ ಬ್ಯಾಂಡನ್ನು ನಡೆಸಿಕೊಂಡು ಬಂದದ್ದೇ ತನ್ನ ಎಡ ಹುಬ್ಬು. ಮೂವರೂ ಕತ್ತು, ಬೆರಳು, ಹುಬ್ಬುಗಳನ್ನು ಒಟ್ಟಿಗೇ ಆಡಿಸಿ ನೋಡಿದರು. ಬ್ಯಾರನ್ನಿನೊಳಗೆ ಮೂರ್ಛೆರೋಗ ಹೊಕ್ಕ ಹಾಗೆ ಕಂಡಿತೇ ವಿನಾ ಹಾಡು ಹೊರಡಲಿಲ್ಲ.

ಹಳೇಕೋಟೆಯಲ್ಲಿ ಶಿವಕುಮಾರನ ಗಿರಾಕಿಯೊಬ್ಬರ ಗೃಹಪ್ರವೇಶವಿತ್ತು. ಪರೀಕ್ಷೆ ಮಾಡೋಣ ಎಂದು ಹೋದರು. ಮೊದಲ ಹಾಡನ್ನು ಶುರುಮಾಡಿ ಬಿಟ್ಟರು, ಶುರುಮಾಡಿ ಬಿಟ್ಟರು, ಊಟದ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂತಿತು. ಮನೆಯ ಅಜ್ಜಿ ಬಂದು, ಶ್ರುತಿ ಚೆನ್ನಾಗಿ ಕೂಡಿಸಿಕೊಂಡಿರಿ, ಹಾಡು ಯಾವಾಗ ಅಂತ ಕೇಳಿದಳು.

ಆಮೇಲೆ ಕಾರಣ ಹುಡುಕುವ ಕೆಲಸ ನಡೆಯಿತು. ಗಂಗಾಧರಯ್ಯನ ಹತ್ತಿರ ಅಲ್ಲಿ ಒಂದೇ ಕೋಲಿದೆ, ಇನ್ನೊಂದಕ್ಕೆ ಜೀವ ಹೊಯ್ದಾಡುತ್ತಿದೆ, ಅದಕ್ಕೇ ಕಾಲೆಳೆಯುತ್ತಿದ್ದಾನೆ ಎಂದು ಪಂಚಾಕ್ಷರಯ್ಯ ತೀರ್ಮಾನಿಸಿದ. ಗುಂಡಿ ತೋಡಿ ಅದನ್ನೂ ಇಟ್ಟುಬಿಡೋಣ ಅಂದ. ಶಿವಕುಮಾರ ಬಂದು ಗಂಗಾಂಬಿಕೆಯನ್ನು ಕೋಲು ಕೇಳಿದ. ಹಿತ್ತಲಿಗೆ ಬರುವ ಕೋತಿಗಳನ್ನು ಓಡಿಸಲು ಅದು ಬೇಕು ಅಂದಳು. ಅದು ಸುಳ್ಳಲ್ಲ. ಹೊಳೆಯ ಕಡೆಯಿಂದ ಬರುವ ಕೋತಿಗಳು ಅವಳ ಸೀಬೆ ಮರವನ್ನು ಸುಲಿದು ಹೋಗುತ್ತಿದ್ದವು, ಕೋಲು ಒಳ್ಳೆಯ ತೂಕದ್ದಾಗಿತ್ತು. ಕೊನೆಗೆ ಡ್ರಮ್ಮಿಗೆ ನಿಂಬೆಹಣ್ಣು ಕಟ್ಟಿ, ವಿಭೂತಿ ಬಳಿದು, ಪಕ್ಷಪಾತವಾಗದಿರಲಿ ಅಂತ ಪಟ್ಟಾಭಿ ಅದರ ಮೇಲೊಂದು ನಾಮವನ್ನೂ ಎಳೆದ.

ಗಂಗಾಂಬಿಕೆಗೆ ಉತ್ತರ ಸಿಕ್ಕಿದ್ದು ಒಂದು ಸಂಜೆ ಅಡುಗೆಮನೆಯಲ್ಲಿ. ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟಿದ್ದಳು. ಇದ್ದಕ್ಕಿದ್ದ ಹಾಗೆ ಬ್ಯಾರನ್ನಿನಿಂದ ಧಡಾರ್ ಎಂದು ಸದ್ದು ಎದ್ದು, ಅವಳು ಬೆಚ್ಚಿ, ಸಾಸಿವೆ ಕೈಜಾರಿತು. ಸಾಸಿವೆಯನ್ನು ಬಳಿಯುತ್ತ ಕೂತವಳಿಗೆ ಸೋಜಿಗವಾಯಿತು. ಈ ಸದ್ದಿಗೆ ನಾನು ಯಾವತ್ತು ಬೆಚ್ಚಿದ್ದೇನೆ? ಇಷ್ಟು ವರ್ಷ ಸದ್ದು ಏಳುವ ಮುಂಚೆಯೇ ಎದ್ದು ಬಾಗಿಲು ದಬ್ಬಿಕೊಳ್ಳುತ್ತಿದ್ದೆ. ಸದ್ದು ಏಳುವುದು ಮುಂಚೆ ಹೇಗೆ ಗೊತ್ತಾಗುತ್ತಿತ್ತು?

ಕೆಮ್ಮಿನಿಂದ ಗೊತ್ತಾಗುತ್ತಿತ್ತು. ಬಾವಿಯಿಂದ ಕೊಡ ಎಳೆದ ಹಾಗೆ ಉದ್ದಕ್ಕೆ ಒಂದು, ಹಿಂದೆಯೇ ಗಿಡ್ಡವಾಗಿ ಎರಡು. ಆ ಎರಡನೆಯದಕ್ಕೆ ಅವಳ ಕೈ ಬಾಗಿಲ ಮೇಲಿರುತ್ತಿತ್ತು, ಅತ್ತ ಗುಡುಗು ಬೀಳುತ್ತಿತ್ತು. ಮೆಲ್ಲನೆಯ ಹಾಡಾದರೆ ಮೆಲ್ಲನೆ ಕೆಮ್ಮು, ಬಿರುಸಿನದಾದರೆ ಬಿರುಸಾಗಿ. ಹಿಂದೊಮ್ಮೆ ಅವಳೇ ಹಟಮಾಡಿ ಅವನನ್ನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕೆಮ್ಮಿನ ಔಷಧಿ ಕುಡಿಸಿದ್ದಳು. ಒಂದು ತಿಂಗಳು ಅವನ ಗಂಟಲು ಗಂಟೆಯ ಹಾಗಿತ್ತು. ಆ ತಿಂಗಳ ಪ್ರೋಗ್ರಾಮುಗಳೆಲ್ಲ ಕೆಟ್ಟು ಕೆರ ಹಿಡಿದಿದ್ದವು. ಗೆಳೆಯರು ಗ್ರಹಣದ ಮೇಲೆ ತಪ್ಪು ಹೊರಿಸಿದ್ದರು. ಔಷಧಿ ಮುಗಿದು ಕೆಮ್ಮು ಮರಳಿದಾಗ ಗ್ರಹಣದೋಷ ಕಳೆಯಿತೆಂದು ಹಣ್ಣುಕಾಯಿ ಮಾಡಿಸಿದ್ದರು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳದ ಹಾಗೆ ಆ ಕೆಮ್ಮು ಯಾರಿಗೂ ಕೇಳಿಸಿರಲಿಲ್ಲ. ಅವಳ ಕಾಲು ಮಾತ್ರ ಕೇಳಿಸಿಕೊಂಡಿತ್ತು, ಅವರ ಕೈ ಕೇಳಿಸಿಕೊಂಡಿತ್ತು.

ಈಗ ಇದನ್ನು ಅವರಿಗೆ ಹೇಳಬೇಕು. ಹೇಳಿದರೆ, ಅತ್ತಿಗೆ ಬಾಗಿಲು ಹಾಕಿಕೊಂಡೂ ಪ್ರತಿ ಹಾಡನ್ನೂ ಕೇಳುತ್ತಿದ್ದರು ಅಂತ ಆಗುತ್ತದೆ. ಅದು ಪ್ರೇಮಕುಮಾರಿಯ ಕಿವಿಗೆ ಬೀಳುತ್ತದೆ. ಗಂಗಾಂಬಿಕೆ ಕಾಫಿಯ ನೆಪ ಮಾಡಿಕೊಂಡು ಬ್ಯಾರನ್ನಿಗೆ ಹೋದಳು. ತಟ್ಟೆ ಹಿಡಿದು ನಿಂತು, ಬ್ಯಾರನ್ನಿನ ಗೋಡೆಗೆ ಹೇಳುವ ಹಾಗೆ, "ನಮ್ಮೋರು ಸ್ಯಾನೆ ಕೆಮ್ತಿದ್ರು" ಅಂದಳು.

ಮೂವರೂ ತಲೆ ತಗ್ಗಿಸಿದರು. ಪಂಚಾಕ್ಷರಯ್ಯ ಕೀಬೋರ್ಡಿನ ಮೇಲೆ ಮುಖವಿಟ್ಟು ಗೊಳೋ ಅಂದ. ಅವನ ಕೆನ್ನೆ ಒತ್ತಿ ಕೀಬೋರ್ಡೂ ಗೊಳೋ ಅಂದಿತು. ಅತ್ತಿಗೆಗೆ ದುಃಖ ಈಗ ಹೊರಬರುತ್ತಿದೆ, ಒಳ್ಳೆಯದೇ, ಅಂತ ಪಟ್ಟಾಭಿ ಪಿಸುಗುಟ್ಟಿದ. ಆವತ್ತು ಪ್ರಾಕ್ಟೀಸು ಅಲ್ಲಿಗೇ ಮುಗಿಯಿತು. ಇಂಥ ದಡ್ಡರ ಜೊತೆ ನಮ್ಮ ಯಜಮಾನ ಹೇಗೆ ಬಾಳಿದನೋ ಎಂದುಕೊಂಡು ಗಂಗಾಂಬಿಕೆ ಖಾಲಿ ಲೋಟಗಳನ್ನು ಎತ್ತಿಕೊಂಡಳು.

ಗಣಪತಿ ಬಂದೇಬಿಟ್ಟ. ಪ್ರೇಮಕುಮಾರಿಯ ಮನೆ ಚನ್ನರಾಯಪಟ್ಟಣದಲ್ಲಿ. ಅವಳನ್ನು ನೋಡಿ ಬರುತ್ತೇನೆಂದು ಗಂಗಾಂಬಿಕೆ ಬಸ್ಸು ಹತ್ತಿದಳು. ನೋಡಿದ್ದಾದ ಮೇಲೆ, ಇಷ್ಟು ದೂರ ಬಂದು ಗಣಪತಿಗೆ ಕೈ ಮುಗಿಯದೆ ಹೋಗುವುದೇ ಅಂದಳು. ಕೈ ಮುಗಿದ ಮೇಲೆ, ಕಾಲು ನೋಯುತ್ತಿದೆ ಎಂದು ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಳು. ಪ್ರೇಮಕುಮಾರಿ ಪಕ್ಕದಲ್ಲೇ ಕೂತು ಅವಳ ಮುಖವನ್ನೇ ನೋಡುತ್ತಿದ್ದಳು.

"ಈ ಹಾಳ್ ಗದ್ಲ ನಿಂಗಾಗಲ್ವಲ್ಲಕ್ಕಾ."

"ಆಗಕ್ಕಿಲ್ಲ. ಕಾಲ್ ನೋವು ಕಣೆ, ಏನ್ ಮಾಡ್ಲಿ."

ಸ್ಟೇಜಿನ ಮೇಲೆ ಡ್ರಮ್ಮಿನ ಪಕ್ಕಕ್ಕೆ ಒಂದು ಕುರ್ಚಿ ಹಾಕಿ ಗಂಗಾಧರಯ್ಯನ ಫೋಟೋ ಇಟ್ಟು ಹಾರ ಹಾಕಿದ್ದರು. ಫೋಟೋದಲ್ಲಿ ಅವನಿಗೆ ಕೂದಲಿತ್ತು. ಪಟ್ಟಾಭಿ ಗೆಳೆಯನನ್ನು ನೆನೆದು ಎರಡು ಮಾತಾಡಿ, ಕರಿ ಬಟ್ಟೆ ಬಿಗಿದುಕೊಂಡ. ಯಶಸ್ ಎಣಿಸಿದ. 'ಕರೆಂಟು ಹೋಯ್ತು' ಮೂರು ಕಡೆಯಿಂದ ಮೂರು ಹೊತ್ತಿಗೆ ಹೊರಟು ನಡುವೆ ಗುದ್ದಿಕೊಂಡು ಬಿತ್ತು. ಜನ ತಮಾಷೆಯೆಂದು ನಕ್ಕರು. ಎರಡನೆಯ ಸಲವೂ ಹಾಗೇ ಆದಾಗ ನಗು ಬೇರೆ ಥರ ಇತ್ತು.

"ಒಬ್ಬೊಬ್ರೇ ಹಾಡ್ರಣ್ಣಾ, ಸರದಿ ಮ್ಯಾಲೆ" ಅಂತ ಹಿಂದಿನಿಂದ ಯಾರೋ ಕೂಗಿದರು. ಸಿಳ್ಳೆಗಳು ಬಂದವು. ಪಟ್ಟಾಭಿ ಕರಿ ಬಟ್ಟೆ ಬಿಚ್ಚಿದ. ಮೈಕಿನ ಹತ್ತಿರ ಬಂದು, ಪಾಠದ ದನಿಯಲ್ಲಿ, ತಾಯಂದಿರೇ ಬಂಧುಗಳೇ, ಎಲ್ಲದಕ್ಕೂ ಒಂದು ಕೊನೆ ಅಂತ ಇರುತ್ತದೆ ಎಂದು ಶುರುಮಾಡಿ, ಗಿಟಾರಿನ ಪಟ್ಟಿಗೆ ಕೈ ಹಾಕಿದ.

ಆ ಪಟ್ಟಿ ಹೆಗಲಿನಿಂದ ಇಳಿದರೆ ನಾಳೆಯಿಂದ ಡ್ರಮ್ಮಿನಲ್ಲಿ ರಾಗಿ. ಗಂಗಾಂಬಿಕೆ ಆಚೆ ಈಚೆ ನೋಡಿದಳು. ಕೆಮ್ಮು ಯಾರಿಗೆ ಬರುವುದಿಲ್ಲ? ಜಾತಿಯಿಲ್ಲ, ಮಡಿಯಿಲ್ಲ, ಕೆಮ್ಮಿದವಳನ್ನು ಯಾಕೆ ಕೆಮ್ಮಿದೆ ಅಂತ ಯಾರೂ ಕೇಳುವುದಿಲ್ಲ. ಸೆರಗು ಬಾಯಿಗಿಟ್ಟು ಕೆಮ್ಮಿದಳು. ಅದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತ ಹುಡುಗಿಯ ಕೆಮ್ಮಿನ ಹಾಗೆ ಬಂತು. ಪ್ರೇಮಕುಮಾರಿಗೂ ಕೇಳಿಸಲಿಲ್ಲ. ಸ್ಟೇಜಿನ ಮೇಲೆ ಪಟ್ಟಿ ಅರ್ಧ ಇಳಿದಿತ್ತು. ಗಂಗಾಂಬಿಕೆ ಸೆರಗು ತೆಗೆದಳು. ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಅವನು ಹೇಗೆ ಸೊಂಟಕ್ಕೆ ಕೈ ಕೊಟ್ಟು ಹೊಟ್ಟೆಯ ತಳದಿಂದ ಎಳೆಯುತ್ತಿದ್ದನೋ ಹಾಗೆ, ಬೈದ ಬೈಗುಳವನ್ನೆಲ್ಲ ಸೇರಿಸಿ, ಎಳೆದಳು. ಉದ್ದಕ್ಕೆ ಒಂದು. ಗಿಡ್ಡವಾಗಿ ಎರಡು.

ಪಟ್ಟಾಭಿಯ ಮಾತು ಬಾಯಲ್ಲೇ ಉಳಿಯಿತು. ಅವನಿಗೇ ಗೊತ್ತಿಲ್ಲದ ಹಾಗೆ ಬೆರಳು ತಂತಿಯ ಮೇಲೆ ಬಿತ್ತು. ಅದೇ ಕ್ಷಣಕ್ಕೆ ಬೇಸು, ಅದೇ ಕ್ಷಣಕ್ಕೆ ಕೀಬೋರ್ಡು. ಯಶಸ್ ಒಬ್ಬ ಅರೆ ಉಸಿರು ಹಿಂದೆ ಬಿದ್ದು ಓಡಿ ಬಂದು ಕೂಡಿಕೊಂಡ. 'ಕರೆಂಟು ಹೋಯ್ತು' ಬೀದಿ ತುಂಬ ಹೊತ್ತಿಕೊಂಡಿತು. ಕುರ್ಚಿಗಳ ಹಿಂದೆ ನಿಂತಿದ್ದ ಹುಡುಗರು ಕುಣಿಯತೊಡಗಿದರು.

ಹಾಡು ಮುಗಿದಾಗ ಪಂಚಾಕ್ಷರಯ್ಯ ಫೋಟೋಗೆ ಅಡ್ಡಬಿದ್ದ. ಶಿವಕುಮಾರ ಆಕಾಶ ನೋಡಿದ. ಪಟ್ಟಾಭಿ ಮಾತ್ರ ಎರಡನೆಯ ಸಾಲನ್ನು ನೋಡಿದ. ತರಗತಿಯಲ್ಲಿ ಸದ್ದು ಮಾಡಿದವರು ಯಾರೆಂದು ಹುಡುಕಿ ಅಭ್ಯಾಸವಿದ್ದ ಕಣ್ಣು ಅದು. ಗಂಗಾಂಬಿಕೆ ಕಡ್ಲೆಪುರಿ ಗಾಡಿಯ ಕಡೆಗೆ ಮುಖ ತಿರುಗಿಸಿದಳು.

ಅವನು ಕಾದ. ಯಶಸ್ ಎಣಿಸಲು ಕೋಲೆತ್ತಿದರೆ ಕೈಸನ್ನೆಯಲ್ಲಿ ತಡೆದ. ಉಳಿದ ಇಬ್ಬರೂ ಅವನ ನೋಟ ಹೋದ ಕಡೆಗೆ ನೋಡಿದರು. ಒಬ್ಬನ ಬಾಯಿ ತೆರೆದುಕೊಂಡಿತು, ಇನ್ನೊಬ್ಬನ ಎಡ ಹುಬ್ಬು ಮೇಲೆದ್ದು ಅಲ್ಲೇ ನಿಂತಿತು. ಇಡೀ ಪೆಂಡಾಲು ಯಾಕೆಂದು ತಿಳಿಯದೆ ಸುಮ್ಮನೆ ಕೂತಿತು. ಗಂಗಾಂಬಿಕೆ ಕಡ್ಲೆಪುರಿಯನ್ನು ಇನ್ನೆಷ್ಟು ಹೊತ್ತು ನೋಡಲಾದೀತು? ಕೆಮ್ಮಿದಳು. ಕೆಂಪು ಬಸ್ಸು ಹೊರಟಿತು.

ಹೀಗೇ ನಡೆಯಿತು. ನಾಲ್ಕೈದು ಹಾಡಾಗುವಷ್ಟರಲ್ಲಿ ಅವಳ ಗಂಟಲು ತರಿದುಹೋಗಿತ್ತು. ನೋಡಿ ನೋಡಿ ಪ್ರೇಮಕುಮಾರಿಗೆ ತಡೆಯಲಾಗಲಿಲ್ಲ. ಎದುರಿನ ಮೆಡಿಕಲ್ ಸ್ಟೋರಿಗೆ ಹೋಗಿ ಕೆಮ್ಮಿನ ಮಾತ್ರೆ ತಂದು, ಹಾಳೆ ಸುಲಿದು, "ಬಾಯ್ ತೆಗ್ಯಕ್ಕಾ, ಇದ ಚೀಪು, ಒಂದೇ ಏಟ್ಗೆ ನಿಂತೋಯ್ತದೆ" ಎಂದು ಅಕ್ಕನ ತುಟಿಗೆ ಹಿಡಿದಳು.

"ಕೊಡಬ್ಯಾಡಿ" ಎಂಬ ಮಾತು ಸ್ಟೇಜಿನಿಂದ ಬಂತು. ಮೂವರೂ ಒಟ್ಟಿಗೆ ಅಂದರು, ಮೂರು ಮೈಕಿನಲ್ಲಿ, ಒಂದೇ ಹೊತ್ತಿಗೆ. ಆವತ್ತು ಕೆಮ್ಮಿಲ್ಲದೆ ಅವರು ಕೂಡಿಕೊಂಡು ಶುರುಮಾಡಿದ್ದು ಅದೊಂದೇ.

ಬೀದಿಗೆ ಬೀದಿಯೇ ಎರಡನೆಯ ಸಾಲಿನ ಕಡೆ ತಿರುಗಿತು. ಪ್ರೇಮಕುಮಾರಿ ಸ್ಟೇಜನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮಾತ್ರೆಯನ್ನು ನೋಡಿದಳು. ಅವಳ ಮುಖದಲ್ಲಿ ಒಂದೊಂದೇ ದೀಪ ಹತ್ತುತ್ತಾ ಬಂತು. ಇನ್ನು ಮೂರು ತಾಲ್ಲೂಕಿಗೂ ಇದು ಹೋಗುವುದು ಖಂಡಿತ ಎಂದು ಗಂಗಾಂಬಿಕೆಗೆ ಗೊತ್ತಾಯಿತು.

ಹೋದರೆ ಹೋಗಲಿ. ತಂಗಿಯ ಬೆರಳಿನಿಂದ ಮಾತ್ರೆ ಕಿತ್ತುಕೊಂಡು, ಎಲ್ಲರಿಗೂ ಕಾಣುವ ಹಾಗೆ, ಮುಂಚೆ ಫ್ಯೂಸ್ ಕಟ್ಟಿಕೊಳ್ಳುತ್ತಿದ್ದ ಸೆರಗಿನ ತುದಿಗೇ ಅದನ್ನು ಗಂಟು ಹಾಕಿದಳು.

"ಏನ್ ಇಂಗ್ ನೋಡ್ತೀರಿ? ಸೊಪ್ಪು ಮುರಿಯೋಗಂಟ ಅಂದಿದ್ದೆ, ನೆಪ್ಪಿರ್ಲಿ" ಅಂದಳು.

ಸ್ಟೇಜಿನ ಮೇಲೆ ಪಟ್ಟಾಭಿ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ. ಮುಂದಿನದು ಹಲ್ಲುನೋವಿನ ಹಾಡು, ಮೆಲ್ಲನೆಯದು. ಗಂಗಾಂಬಿಕೆ ಅದಕ್ಕೆ ತಕ್ಕ ಹಾಗೆ ಗಂಟಲು ಸರಿಮಾಡಿಕೊಂಡಳು.